ಏಕದಿನ ಕ್ರಿಕೆಟ್ಟಿನ ಆಕ್ರಮಣಶೀಲ ಆರಂಭಿಕ ದಾಂಡಿಗರು

ಸೀಮಿತ ಓವರುಗಳ ಕ್ರಿಕೆಟ್ಟಿನಲ್ಲಿ ಮೊದಲ ಚೆಂಡಿನಿಂದಲೇ ಎದುರಾಳಿಯ ಮೇಲೆ ಆಕ್ರಮಣವೆಸಗಿ, ಇನ್ನಿಂಗ್ಸಿನ ಗತಿಯನ್ನು ಆರಂಭದಲ್ಲಿಯೇ ನಿರ್ಣಯಿಸಲು ಯತ್ನಿಸಿದ ದಾಂಡಿಗರ ಪರಂಪರೆ. ಟೆಸ್ಟ್ ಆಟದಿಂದ ಏಕದಿನದ ಆಟಕ್ಕೆ ಬಂದ ಮೊದಲ ತಲೆಮಾರಿನವರು ಆರಂಭಿಕನ ಧರ್ಮವನ್ನೂ ಅಲ್ಲಿಂದಲೇ ತಂದರು: ಹೊಸ ಚೆಂಡಿನ ಹೊಳಪು ಅಳಿಯುವವರೆಗೆ ವಿಕೆಟ್ಟನ್ನು ಕಾಯುವುದು, ವೇಗದ ಚಿಂತೆಯನ್ನು ಕೊನೆಯ ಓವರುಗಳಿಗೆ ಬಿಡುವುದು. 1975ರ ಪ್ರಥಮ ವಿಶ್ವಕಪ್ಪಿನಲ್ಲಿ ಇಂಗ್ಲೆಂಡ್ ಲಾರ್ಡ್ಸ್ ಮೈದಾನದಲ್ಲಿ 60 ಓವರುಗಳಿಗೆ 334 ರನ್ನುಗಳನ್ನು ಪೇರಿಸಿದಾಗ, ಅದಕ್ಕುತ್ತರವಾಗಿ ಸುನಿಲ್ ಗಾವಸ್ಕರ್ 174 ಚೆಂಡುಗಳನ್ನೆದುರಿಸಿ 36 ರನ್ನುಗಳೊಡನೆ ಅಜೇಯರಾಗಿ ಮರಳಿದ್ದು ಈ ಧರ್ಮದ ಪರಾಕಾಷ್ಠೆಯೆನ್ನಬೇಕು. ಅದರ ಅಣಕವೆಂದರೂ ಸಲ್ಲುತ್ತದೆ.

ಇದನ್ನು ಮೀರಿದವರು ಇರಲಿಲ್ಲವೆಂದಲ್ಲ. 1983ರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಭಾರತ ಗಳಿಸಿದ 183 ರನ್ನುಗಳಲ್ಲಿ ಅತ್ಯಧಿಕ ಪಾಲು, ಅಂದರೆ 38 ರನ್ನು, ಕೃಷ್ಣಮಾಚಾರಿ ಶ್ರೀಕಾಂತರದು. ಆಂಡಿ ರಾಬರ್ಟ್ಸರ ಚೆಂಡನ್ನು ಮಂಡಿಯೂರಿ ಬೌಂಡರಿಗಟ್ಟಿದ ಅವರ ಹೊಡೆತವನ್ನು ಕಂಡವರು ಇಂದಿಗೂ ನೆನೆಯುತ್ತಾರೆ. ಆದರೆ ಅದು ವ್ಯಕ್ತಿಯೊಬ್ಬನ ಸ್ವಭಾವವಾಗಿತ್ತೇ ಹೊರತು ತಂಡದ ನೀತಿಯಾಗಿರಲಿಲ್ಲ. ಮೊದಲ 15 ಓವರುಗಳಲ್ಲಿ 30 ಗಜದ ವೃತ್ತದಾಚೆ ಇಬ್ಬರೇ ಕ್ಷೇತ್ರರಕ್ಷಕರು ನಿಲ್ಲಬೇಕೆಂಬ ನಿಯಮವು 1992ರ ವಿಶ್ವಕಪ್ಪಿನಲ್ಲಿ ಜಾರಿಯಲ್ಲಿದ್ದಾಗ, ಆ ನಿಯಮದೊಳಗೆ ಅಡಗಿದ್ದ ಲಾಭವನ್ನು ನ್ಯೂಜಿಲೆಂಡಿನ ನಾಯಕ ಮಾರ್ಟಿನ್ ಕ್ರೋ ಗುರುತಿಸಿದರು. ಗಾಯಗೊಂಡ ಜಾನ್ ರೈಟರ ಸ್ಥಾನಕ್ಕೆ ಬಂದ ಮಾರ್ಕ್ ಗ್ರೇಟ್‌ಬ್ಯಾಚ್, ಬರಿದಾದ ಬೌಂಡರಿಯತ್ತ ಚೆಂಡನ್ನು ಎತ್ತಿ ಹೊಡೆಯುವ ಸರಳ ಉಪಾಯದಿಂದ ಬೌಲರುಗಳನ್ನು ದಿಕ್ಕುಗೆಡಿಸಿದರು. 1994ರ ಮಾರ್ಚ್ 27ರಂದು ಅದೇ ದೇಶದ ಆಕ್ಲೆಂಡಿನಲ್ಲಿ, ನವಜೋತ್ ಸಿಧು ಅಸ್ವಸ್ಥರಾದ ಕಾರಣ ಮೊದಲ ಬಾರಿಗೆ ಆರಂಭಿಕರಾಗಿ ಕಣಕ್ಕಿಳಿದ ಸಚಿನ್ ತೆಂಡೂಲ್ಕರ್ 49 ಚೆಂಡುಗಳಲ್ಲಿ 82 ರನ್ನು ಹೊಡೆದರು. ಮುಂದೆ ಆ ಸ್ಥಾನವೇ ಅವರದಾಯಿತು.

ನೀತಿಯನ್ನು ಸಿದ್ಧಾಂತವಾಗಿಸಿದ ಕೀರ್ತಿ ಶ್ರೀಲಂಕೆಗೆ ಸಲ್ಲಬೇಕು. ಅರ್ಜುನ ರಣತುಂಗರ ನಾಯಕತ್ವದಲ್ಲಿ, ಡೇವ್ ವಾಟ್‌ಮೋರರ ತರಬೇತಿಯಲ್ಲಿ ಪಳಗಿದ ಆ ತಂಡವು 1996ರ ಆರಂಭದಲ್ಲಿ ಆಸ್ಟ್ರೇಲಿಯದಲ್ಲಿದ್ದಾಗ, ಅದುವರೆಗೆ ಕೆಳಕ್ರಮಾಂಕದಲ್ಲಿ ಆಡುತ್ತಿದ್ದ ವಿಕೆಟ್ ಕೀಪರ್ ರೊಮೇಶ್ ಕಲುವಿತರಣರನ್ನು ಮಾತರದ ಎಡಗೈ ದಾಂಡಿಗ ಸನತ್ ಜಯಸೂರ್ಯರ ಜೊತೆಗಾರನನ್ನಾಗಿ ನಿಲ್ಲಿಸಿತು. ಕೆಲವೇ ವಾರಗಳ ಬಳಿಕ ನಡೆದ ವಿಶ್ವಕಪ್ಪಿನಲ್ಲಿ, ದೆಹಲಿಯ ಕೋಟ್ಲಾ ಮೈದಾನದಲ್ಲಿ ಭಾರತದ 271 ರನ್ನುಗಳನ್ನು ಬೆನ್ನಟ್ಟಿದ ಈ ಜೋಡಿ ಮೂರು ಓವರುಗಳಲ್ಲಿ 42 ರನ್ನು ದೋಚಿತು. ನಾಲ್ಕು ಓವರುಗಳಿಗೆ 47 ರನ್ನು ತೆತ್ತ ಮನೋಜ್ ಪ್ರಭಾಕರ್ ವೇಗವನ್ನು ತೊರೆದು ಸ್ಪಿನ್ನಿಗೆ ಶರಣಾದರು, ಮತ್ತು ಅದೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯವಾಯಿತು. ಮಾರ್ಚ್ 9ರ ಕ್ವಾರ್ಟರ್ ಫೈನಲ್ಲಿನಲ್ಲಿ ಇಂಗ್ಲೆಂಡಿನ ವಿರುದ್ಧ ಫೈಸಲಾಬಾದಿನಲ್ಲಿ ಜಯಸೂರ್ಯರು 44 ಚೆಂಡುಗಳಲ್ಲಿ 82 ರನ್ನು ಗಳಿಸಿದರು.

ಅದೇ ದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣವು ಈ ಆಟದ ಮತ್ತೊಂದು ಮುಖವನ್ನು ಕಂಡಿತು. ಭಾರತದ 287 ರನ್ನುಗಳೆದುರು ಪಾಕಿಸ್ತಾನದ ಸಯೀದ್ ಅನ್ವರ್ ಮತ್ತು ಆಮಿರ್ ಸೊಹೈಲ್ ಹತ್ತು ಓವರುಗಳಲ್ಲಿ 84 ರನ್ನುಗಳನ್ನು ಕೂಡಿಸಿ ಪ್ರೇಕ್ಷಕರನ್ನು ಮೌನಕ್ಕೆ ತಳ್ಳಿದ್ದರು. ಅನ್ವರರನ್ನು ಮೈಸೂರಿನ ಜಾವಗಲ್ ಶ್ರೀನಾಥ್ ಔಟ್ ಮಾಡಿದರು. ಬೌಂಡರಿ ಹೊಡೆದು ಬ್ಯಾಟಿನಿಂದ ಆ ದಿಕ್ಕನ್ನೇ ತೋರಿಸಿ ಕೆಣಕಿದ ಸೊಹೈಲರ ವಿಕೆಟ್ಟನ್ನು ಮರುಚೆಂಡಿನಲ್ಲಿಯೇ ಉರುಳಿಸಿದವರು ಬೆಂಗಳೂರಿನ ವೆಂಕಟೇಶ ಪ್ರಸಾದ್. ಕನ್ನಡನಾಡಿನ ಕ್ರಿಕೆಟ್ ಪ್ರಿಯರು ಆ ಒಂದು ಚೆಂಡನ್ನು ಮರೆತದ್ದಿಲ್ಲ. ನಾಲ್ಕು ದಿನಗಳ ತರುವಾಯ ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ, ಶ್ರೀನಾಥರ ಮೊದಲ ಓವರಿನಲ್ಲಿಯೇ ಕಲುವಿತರಣ, ಜಯಸೂರ್ಯ ಇಬ್ಬರೂ ಥರ್ಡ್ ಮ್ಯಾನ್‌ಗೆ ಕ್ಯಾಚಿತ್ತು ನಿರ್ಗಮಿಸಿದರು. ಹಾಗಿದ್ದೂ ಶ್ರೀಲಂಕೆ ಗೆದ್ದಿತು. ಲಾಹೋರಿನ ಅಂತಿಮ ಪಂದ್ಯದಲ್ಲಿಯೂ ಇಬ್ಬರ ಗಳಿಕೆ ಎರಡಂಕಿಯನ್ನು ಮುಟ್ಟಲಿಲ್ಲ. ಕಪ್ಪನ್ನು ತಂದದ್ದು ಅರವಿಂದ ಡಿ ಸಿಲ್ವರ ಅಜೇಯ 107 ರನ್ನು. ವಸ್ತುತಃ ಆ ಪಂದ್ಯಾವಳಿಯಲ್ಲಿ ಕಲುವಿತರಣರು ಒಂದು ಅರ್ಧಶತಕವನ್ನೂ ಹೊಡೆದಿರಲಿಲ್ಲ. ಅವರ ಖ್ಯಾತಿ ಅಂಕಿಗಳನ್ನು ಮೀರಿದ್ದೆಂಬ ಟೀಕೆ ನಿಜವೇ. ಆದರೆ ವಿಕೆಟ್ ಬಿದ್ದರೂ ಬೀಳಲೆಂಬ ನಿರ್ಭೀತಿಯನ್ನು ತಂಡವೊಂದು ಅಧಿಕೃತವಾಗಿ ಒಪ್ಪಿಕೊಳ್ಳಬಹುದೆಂದು ಲೋಕ ಕಲಿತದ್ದು ಅವರಿಂದಲೇ. ಅಂಥ ನಿರ್ಭೀತಿಗೆ ಡಿ ಸಿಲ್ವ, ಗುರುಸಿಂಹ, ರಣತುಂಗ, ಮಹಾನಾಮರಂಥ ಗಟ್ಟಿಗರು ಬೆನ್ನಿಗಿರಬೇಕೆಂಬುದನ್ನು ಅನುಕರಿಸಹೊರಟ ಎಷ್ಟೋ ತಂಡಗಳು ಮರೆತವು.

ಅದೇ ವರ್ಷದ ಏಪ್ರಿಲಿನಲ್ಲಿ ಸಿಂಗಪುರದಲ್ಲಿ ಪಾಕಿಸ್ತಾನದ ವಿರುದ್ಧ ಜಯಸೂರ್ಯರು 48 ಚೆಂಡುಗಳಲ್ಲಿ ಶತಕವನ್ನೂ, ಅಂತಿಮ ಪಂದ್ಯದಲ್ಲಿ 17 ಚೆಂಡುಗಳಲ್ಲಿ ಅರ್ಧಶತಕವನ್ನೂ ಗಳಿಸಿದರು. ಆ ಆಟದಲ್ಲಿ ಮೊದಲ ವಿಕೆಟ್ಟಿಗೆ ಬಂದ 70 ರನ್ನುಗಳಲ್ಲಿ ಕಲುವಿತರಣರ ಪಾಲು ಸೊನ್ನೆ. 445 ಪಂದ್ಯಗಳಲ್ಲಿ 13,430 ರನ್ನುಗಳನ್ನಲ್ಲದೆ 323 ವಿಕೆಟ್ಟುಗಳನ್ನೂ ಸಂಪಾದಿಸಿ ಜಯಸೂರ್ಯರು ಆಟದಿಂದ ನಿವೃತ್ತರಾದರು.

ಅನಂತರದ ಆಡಂ ಗಿಲ್‌ಕ್ರಿಸ್ಟ್, ವೀರೇಂದ್ರ ಸೆಹವಾಗ್ ಮುಂತಾದವರು ಈ ಮಾರ್ಗವನ್ನು ರಾಜಮಾರ್ಗವಾಗಿಸಿದರು. ಗಿಲ್‌ಕ್ರಿಸ್ಟ್ 2007ರ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಅದೇ ಶ್ರೀಲಂಕೆಯ ವಿರುದ್ಧ 104 ಚೆಂಡುಗಳಲ್ಲಿ 149 ರನ್ನು ಹೊಡೆದರು. ಪುರುಷರ ಏಕದಿನದ ಪ್ರಥಮ ದ್ವಿಶತಕ 2010ರಲ್ಲಿ ಗ್ವಾಲಿಯರಿನಲ್ಲಿ ತೆಂಡೂಲ್ಕರರಿಂದ ಬಂದರೆ, 2011ರಲ್ಲಿ ಇಂದೋರಿನಲ್ಲಿ ಸೆಹವಾಗ್ 219ನ್ನೂ, 2014ರಲ್ಲಿ ಕಲ್ಕತ್ತೆಯಲ್ಲಿ ರೋಹಿತ್ ಶರ್ಮ 264ನ್ನೂ ಗಳಿಸಿದರು. ಆದರೆ ಏಕದಿನ ಅಂತರರಾಷ್ಟ್ರೀಯ ಕ್ರಿಕೆಟ್ಟಿನ ಮೊತ್ತಮೊದಲ ದ್ವಿಶತಕ ಇವರಾರದೂ ಅಲ್ಲ; ಅದು 1997ರ ಡಿಸೆಂಬರ್ 16ರಂದು ಮುಂಬಯಿಯಲ್ಲಿ, ಮಹಿಳೆಯರ ವಿಶ್ವಕಪ್ಪಿನಲ್ಲಿ, ಡೆನ್ಮಾರ್ಕಿನ ವಿರುದ್ಧ ಅಜೇಯ 229 ರನ್ನು ಗಳಿಸಿದ ಆಸ್ಟ್ರೇಲಿಯದ ನಾಯಕಿ ಬೆಲಿಂಡಾ ಕ್ಲಾರ್ಕರದು. ಅವರೂ ಆರಂಭಿಕ ಆಟಗಾರ್ತಿಯೇ.