ಮುದ್ರೆಯೂ ಪ್ರಾಮಾಣ್ಯವೂ

ನಮ್ಮ ಪ್ರಾಚೀನ ಅರಸರು ಭೂಮಿಯನ್ನು ದತ್ತಿಯಾಗಿ ಬಿಟ್ಟಾಗ ತಾಮ್ರದ ಹಲಗೆಗಳ ಮೇಲೆ ಶಾಸನವನ್ನು ಕೆತ್ತಿಸಿ, ಅವನ್ನು ಬಳೆಯೊಂದರಲ್ಲಿ ಪೋಣಿಸಿ, ಬಳೆಯ ತುದಿಗಳನ್ನು ರಾಜಮುದ್ರೆಯಿಂದ ಬಂಧಿಸುತ್ತಿದ್ದರು. ಗಂಗರ ಮುದ್ರೆಯಲ್ಲಿ ಆನೆ, ಚಾಲುಕ್ಯರದರಲ್ಲಿ ವರಾಹ. ಭೂಮಿಯ ಹಕ್ಕಿಗೆ ಆ ಹಲಗೆಯೇ ಆಧಾರ. ಹಕ್ಕಿದ್ದೆಡೆ ಆಸೆಯೂ ಇರುವುದು ಸಹಜ; ಅಂತೆಯೇ ಕೂಟಶಾಸನಗಳೂ ಹುಟ್ಟಿಕೊಂಡವು. ಶಿವಮೊಗ್ಗದ ಸೀಮೆಯಲ್ಲಿ ದೊರೆತ ಕೆಲವಂತೂ ದಾನಿಯನ್ನು ಸಾಕ್ಷಾತ್ ಪರೀಕ್ಷಿತನ ಮಗ ಜನಮೇಜಯನೆಂದೇ ಸಾರುತ್ತವೆ!

ಇಂಥವನ್ನು ಬೇರ್ಪಡಿಸುವ ಕಾರ್ಯಕ್ಕೆ ಶಾಸ್ತ್ರದ ಬಿಗಿಯನ್ನು ತಂದವರಲ್ಲಿ ಜೆ. ಎಫ್. ಫ್ಲೀಟರು ಪ್ರಮುಖರು. 1901ರಲ್ಲಿ ಅವರು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕೂಟಶಾಸನಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಲಿಪಿಯು ಶಾಸನ ಹೇಳಿಕೊಳ್ಳುವ ಕಾಲಕ್ಕೆ ಒಪ್ಪುವುದೇ? ತಿಥಿವಾರಗಳು ಗಣಿತಕ್ಕೆ ಕೂಡುವುವೇ? ವಂಶಾವಳಿಯು ಇತರ ಶಾಸನಗಳೊಡನೆ ಹೊಂದುವುದೇ? ಇವು ಅವರ ಒರೆಗಲ್ಲುಗಳು. ಮಡಿಕೇರಿಯ ತಾಮ್ರಶಾಸನದಲ್ಲಿರುವ 388ನೆಯ ವರ್ಷವನ್ನು ಶಕವರ್ಷವೆಂದು ಗ್ರಹಿಸಿದರೆ ಅದು ಕ್ರಿ.ಶ. 466 ಆಗುತ್ತದೆ. ಆದರೆ ಅದರ ಲಿಪಿ ಶತಮಾನಗಳಷ್ಟು ಈಚಿನದು. ಅದರಲ್ಲಿ ಬರುವ ‘ಅಕಾಲವರ್ಷ’ ಎಂಬುದಾದರೋ ಮುಂದೆ ಆಳಿದ ರಾಷ್ಟ್ರಕೂಟರ ಬಿರುದು.

ಹಾಗೆಂದು ಎಲ್ಲವನ್ನೂ ಸುಳ್ಳೆಂದು ತಳ್ಳುವುದೂ ವಿವೇಕವಲ್ಲ. ಗಂಗರ ಶಾಸನಗಳನ್ನು ಕುರಿತು ಬಿ. ಎಲ್. ರೈಸರೊಡನೆ ದೀರ್ಘಕಾಲ ವಾದಿಸಿದ ಫ್ಲೀಟರೇ, ಪೆನುಗೊಂಡೆಯ ಶಾಸನವನ್ನು ಪರೀಕ್ಷಿಸಿ, ಅದು ನೈಜವೆಂದು 1915ರಲ್ಲಿ ಒಪ್ಪಿಕೊಂಡರು. ಅವರ ಸಂಶಯ ಹಟವಾಗಿರಲಿಲ್ಲ. ಅದು ಪ್ರಮಾಣಕ್ಕೆ ತಲೆಬಾಗುವ ಸಂಶಯ.

ಇದನ್ನೆಲ್ಲ ಇಂದೇಕೆ ನೆನೆಯಬೇಕೆಂದರೆ, ಈಗ ನಮ್ಮ ಕೈಗೆ ಬರುತ್ತಿರುವ ಹಲಗೆಗಳು ಅಂತರಜಾಲದವು. ಅಲ್ಲಿಯೂ ಮುದ್ರೆಯುಂಟು. ಹಲವು ಬ್ರೌಸರುಗಳಲ್ಲಿ ವಿಳಾಸದ ಪಕ್ಕ ಬೀಗದ ಚಿತ್ರವೊಂದು ಕಾಣುತ್ತದೆ. ನಾವು ಕಳಿಸುವ ಮಾತನ್ನು ದಾರಿಯಲ್ಲಿ ಅನ್ಯರು ಓದಲಾರರು ಎಂಬುದಷ್ಟೇ ಅದರ ಭರವಸೆ. ಆಚೆ ಕುಳಿತವನು ಸಜ್ಜನನೆಂದು ಅದು ಹೇಳುವುದಿಲ್ಲ. ಬ್ಯಾಂಕಿನ ವೇಷ ಧರಿಸಿದ ವಂಚಕನ ಪುಟಕ್ಕೂ ಆ ಬೀಗ ದೊರೆಯುತ್ತದೆ. ಅಂದು ಕೂಟಶಾಸನದಿಂದ ಕೈತಪ್ಪುತ್ತಿದ್ದುದು ಹೊಲ. ಇಂದು ಕೈತಪ್ಪುವುದು ಜೀವಮಾನದ ಉಳಿತಾಯ.

ಆದುದರಿಂದ ಹಳೆಯ ಪ್ರಶ್ನೆಗಳನ್ನೇ ಮತ್ತೆ ಕೇಳಬೇಕಾಗಿದೆ. ಬರೆದವರಾರು? ವಿಳಾಸದ ಅಕ್ಷರಗಳು ಸರಿಯಾಗಿವೆಯೇ? ನಂಬಿದರೆ ಲಾಭವಾರಿಗೆ? ಇದನ್ನು ನೋಡಿ ನಕಲು ಮಾಡದ ಬೇರೊಂದು ಸಾಕ್ಷಿ ಇದೆಯೇ? ತಾಮ್ರದ ಮೇಲೆ ತಿದ್ದಿದರೆ ಗುರುತು ಉಳಿಯುತ್ತಿತ್ತು. ಜಾಲದ ಪುಟ ರಾತ್ರೋರಾತ್ರಿ ಬದಲಾದರೂ ಕಲೆ ಕಾಣದು. ಅದಕ್ಕಾಗಿಯೇ 1996ರಲ್ಲಿ ಆರಂಭವಾದ ಇಂಟರ್ನೆಟ್ ಆರ್ಕೈವ್‌ನಂಥ ಸಂಸ್ಥೆ ಹಳೆಯ ಪುಟಗಳ ಪ್ರತಿಗಳನ್ನು ಕಾಯ್ದಿಡುತ್ತಿರುವುದು ಚರಿತ್ರೆಯ ವಿದ್ಯಾರ್ಥಿಗೆ ನೆಮ್ಮದಿಯ ಸಂಗತಿ.

ಮುದ್ರೆಯನ್ನು ಕಂಡು ಕೈಮುಗಿಯುವುದು ಸುಲಭ. ಬಳೆಯನ್ನು ಬಿಚ್ಚಿ, ಹಲಗೆಗಳನ್ನು ಒಂದೊಂದಾಗಿ ಓದುವ ತಾಳ್ಮೆಯಷ್ಟೇ ನಮ್ಮನ್ನು ಕಾಯಬಲ್ಲದು.