'ಮಾಸ್' ಎಂಬ ಶಬ್ದವೂ ನಮ್ಮ ಕಣದ ರಾಶಿಯೂ

ಒಂದು ಆಂಗ್ಲ ಶಬ್ದವು ಹಲವು ಬಾಗಿಲುಗಳಿಂದ ಕನ್ನಡವನ್ನು ಪ್ರವೇಶಿಸಿ, ಒಂದೊಂದು ಬಾಗಿಲಲ್ಲಿ ಒಂದೊಂದು ಹೆಸರನ್ನು ಪಡೆದ ಕಥೆ ಉಪಾಧ್ಯಾಯ ಬಂಧುಗಳಿಗೆ ರುಚಿಸೀತೆಂದು ನಂಬಿದ್ದೇವೆ. ಆ ಶಬ್ದ 'ಮಾಸ್'. ವಿಜ್ಞಾನದ ಪಾಠದಲ್ಲಿ ಅದಕ್ಕೆ ಒಂದರ್ಥ, ಇಗರ್ಜಿಯಲ್ಲಿ ಇನ್ನೊಂದು, ರಾಜಕಾರಣದಲ್ಲಿ ಮತ್ತೊಂದು. ಶಾಲೆಯ ಮೈದಾನದಲ್ಲಿ ಮಕ್ಕಳು ಒಟ್ಟಾಗಿ ಮಾಡುವ ಕವಾಯತಿಗೂ ಅದೇ ಹೆಸರು. ಇಂತಹ ಶಬ್ದವನ್ನು ಇದ್ದಂತೆಯೇ ಮಕ್ಕಳ ಮುಂದಿಡುವುದು ಲೇಸೋ, ನಮ್ಮ ಮಾತುಗಳಲ್ಲಿ ಬಿಡಿಸಿ ಹೇಳುವುದು ಲೇಸೋ ಎಂಬುದೇ ಇಲ್ಲಿಯ ವಿಚಾರ.

ಮೊದಲು ಮೂಲವನ್ನು ನೋಡೋಣ. ಆಂಗ್ಲದಲ್ಲಿ ಒಂದೇ ಆಗಿ ಕಾಣುವ ಇದು ನಿಜಕ್ಕೂ ಎರಡು ಶಬ್ದ. ಕ್ರೈಸ್ತರ ಪೂಜೆಯನ್ನು ಸೂಚಿಸುವ 'ಮಾಸ್' ಲ್ಯಾಟಿನ್ನಿನ 'ಮಿಸ್ಸಾ'ದಿಂದ ಬಂದುದು. ಪೂಜೆಯ ಕೊನೆಯಲ್ಲಿ ಜನರನ್ನು ಬೀಳ್ಕೊಡುವ ಮಾತಿನಲ್ಲಿ ಅದರ ಹುಟ್ಟು. ರಾಶಿ, ಗುಂಪು ಎಂಬರ್ಥದ 'ಮಾಸ್' ಲ್ಯಾಟಿನ್ನಿನ 'ಮಸ್ಸಾ'ದಿಂದ ಬಂದುದು. ಅದರ ಹಿಂದೆ ಗ್ರೀಕರ 'ಮಾಜಾ' ಇದೆ. ಮಾಜಾ ಎಂದರೆ ಜವೆಯ ಹಿಟ್ಟನ್ನು ನಾದಿ ಮಾಡಿದ ರೊಟ್ಟಿ. ನಮ್ಮ 'ಮುದ್ದೆ'ಯನ್ನು ಬಲ್ಲವರಿಗೆ ಇದು ದೂರದ ಮಾತಲ್ಲ.

ಆಂಗ್ಲ ಶಬ್ದಗಳಿಗೆ ಕನ್ನಡ ಹುಡುಕುವ ಕೆಲಸ ನಮ್ಮ ಸೀಮೆಗೆ ಹೊಸದೂ ಅಲ್ಲ. ಆದೋನಿ 1953ರ ವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆ ಬಳ್ಳಾರಿಯಲ್ಲಿ 1810ರಲ್ಲಿ ಲಂಡನ್ ಮಿಷನ್ ನೆಲೆಗೊಂಡಿತು. ಅಲ್ಲಿ ದುಡಿದ ವಿಲಿಯಂ ರೀವ್ ಎಂಬವರ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಹೊರಬಂದುದು 1946ರಲ್ಲಿ. ಒಂದು ಶಬ್ದದ ಹಲವು ಅರ್ಥಗಳನ್ನು ಬೇರೆಬೇರೆ ಮಾಡಿ ತೋರಿಸುವ ಈ ಶ್ರಮ ಶತಮಾನಕ್ಕೂ ಮಿಗಿಲಾದುದು.

ಇನ್ನು ವಿಜ್ಞಾನದ ಅರ್ಥ. 1687ರಲ್ಲಿ ನ್ಯೂಟನ್ ತನ್ನ 'ಪ್ರಿನ್ಸಿಪಿಯ'ದ ಮೊದಲ ವ್ಯಾಖ್ಯೆಯಲ್ಲಿ ವಸ್ತುವಿನೊಳಗಿನ ದ್ರವ್ಯದ ಪರಿಮಾಣವನ್ನು ಹೇಳಿ, ಅದಕ್ಕೆ ಈ ಹೆಸರನ್ನು ಕೊಟ್ಟನು. ಕನ್ನಡದಲ್ಲಿ ಅದು 'ದ್ರವ್ಯರಾಶಿ'ಯಾಯಿತು. ಈ ಜೋಡಣೆ ಅರ್ಥಗರ್ಭಿತವಾದುದು. 12ನೆಯ ಶತಮಾನದ ರಾಜಾದಿತ್ಯನ 'ವ್ಯವಹಾರಗಣಿತ'ದಲ್ಲಿ ತ್ರೈರಾಶಿಕ, ಪಂಚರಾಶಿಕಗಳಿವೆ. ಅಲ್ಲಿ ರಾಶಿಯೆಂದರೆ ಗಣಿತದ ಪರಿಮಾಣ. ನಮ್ಮ ರೈತನಿಗೆ ರಾಶಿಯೆಂದರೆ ಕಣದಲ್ಲಿ ತೂರಿ ಒಟ್ಟಿದ ಕಾಳು. ಪಂಡಿತನ ಶಬ್ದವೂ ಒಕ್ಕಲಿಗನ ಶಬ್ದವೂ ಒಂದಾದ ಮೇಲೆ ಉಪಾಧ್ಯಾಯನಿಗೆ ಬೇರೆ ಉಪಕರಣವೇಕೆ?

ಮಕ್ಕಳು ದ್ರವ್ಯರಾಶಿಯನ್ನೂ ತೂಕವನ್ನೂ ಒಂದೆಂದೇ ಭಾವಿಸುವರು. ಅಂಗಡಿಯಲ್ಲಿ ಎರಡಕ್ಕೂ ಕಿಲೋಗ್ರಾಮೇ ಆಗಿರುವುದರಿಂದ ಇದು ಸಹಜ. ಆದರೆ 'ತೂಕ'ವು 'ತೂಗು' ಎಂಬ ಧಾತುವಿನಿಂದ ಹುಟ್ಟಿದ್ದು. ತೂಗುಹಾಕಿದ ವಸ್ತುವನ್ನು ಭೂಮಿಯು ಕೆಳಕ್ಕೆ ಸೆಳೆಯುವ ಬಲವೇ ತೂಕ. ಕಣದ ರಾಶಿಯನ್ನು ಚಂದ್ರನ ಮೇಲೆ ಒಯ್ದರೆ ಅದರ ತೂಕ ಸುಮಾರು ಆರರಲ್ಲಿ ಒಂದು ಪಾಲಾಗುತ್ತದೆ. ರಾಶಿಯಲ್ಲಿ ಒಂದು ಕಾಳೂ ಕಡಿಮೆಯಾಗುವುದಿಲ್ಲ. ಹೀಗೆ ಎರಡು ಕನ್ನಡ ಶಬ್ದಗಳೇ ಎರಡು ಪಾಠಗಳಾಗುತ್ತವೆ. 'ಮಾಸ್' ಎಂದಷ್ಟೇ ಹೇಳಿದರೆ ಈ ಸೌಲಭ್ಯವಿಲ್ಲ.

ಇಗರ್ಜಿಯ ಅರ್ಥವೂ ಹೀಗೆಯೇ ತನ್ನ ದಾರಿ ಹಿಡಿಯಿತು. 1962ರಿಂದ 1965ರ ವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯು ಪೂಜಾವಿಧಿಗಳಲ್ಲಿ ಲ್ಯಾಟಿನ್ನಿನ ಜೊತೆಗೆ ದೇಶಭಾಷೆಗಳಿಗೂ ಎಡೆಗೊಟ್ಟಿತು. ಕನ್ನಡ ಕಥೋಲಿಕರು ಇದನ್ನು 'ಬಲಿಪೂಜೆ' ಎನ್ನುವರು. ತೆಲುಗು ಕಥೋಲಿಕರು 'ಬಲಿಪೂಜ' ಎನ್ನುವರು. ಒಂದು ಸ್ವರದ ಅಂತರವಷ್ಟೆ!

ರಾಜಕಾರಣದಲ್ಲಿ ಇದೇ ಶಬ್ದ 'ಸಾಮೂಹಿಕ'ವಾಯಿತು. 1922ರಲ್ಲಿ ಗಾಂಧೀಜಿಯವರು ಬಾರ್ಡೋಲಿಯಲ್ಲಿ ಆರಂಭಿಸಲಿದ್ದ ಸಾಮೂಹಿಕ ಕಾಯಿದೆಭಂಗವನ್ನು ಚೌರಿಚೌರದ ಹಿಂಸೆಯ ನಂತರ ನಿಲ್ಲಿಸಿದರು. 1940ರಲ್ಲಿ ವಿನೋಬಾ ಅವರಿಂದ ಮೊದಲಾದುದು ವೈಯಕ್ತಿಕ ಸತ್ಯಾಗ್ರಹ. ಎರಡಕ್ಕೂ ಇರುವ ಭೇದವನ್ನು ಕನ್ನಡದ ಎರಡು ವಿಶೇಷಣಗಳು ಸ್ಪಷ್ಟವಾಗಿ ತೋರಿಸುತ್ತವೆ. ಸಾಮೂಹಿಕ ವಿವಾಹ, ಸಾಮೂಹಿಕ ಕವಾಯತು, ನಾವು ನಾಚಬೇಕಾದ ಸಾಮೂಹಿಕ ನಕಲು – ಎಲ್ಲವೂ ಈ ಮನೆತನದವೇ. ಚಲಚ್ಚಿತ್ರ ರಂಗದಲ್ಲಿ ಮಾತ್ರ 'ಮಾಸ್' ಭಾಷಾಂತರಕ್ಕೆ ಒಳಗಾಗಲಿಲ್ಲ. ಕನ್ನಡ ಚಿತ್ರವಾಗಲಿ ತೆಲುಗು ಚಿತ್ರವಾಗಲಿ, ಜನಸಾಮಾನ್ಯರು ಶಿಳ್ಳೆ ಹೊಡೆದು ಮೆಚ್ಚುವಂಥದು 'ಮಾಸ್ ಸಿನಿಮಾ'. ಅಲ್ಲಿ ಅದು ಇರಲಿ, ನಮಗೆ ತಕರಾರಿಲ್ಲ.

ತಕರಾರಿರುವುದು ತರಗತಿಯ ವಿಷಯದಲ್ಲಿ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದ ಮೇಲೆ ಇಲ್ಲಿಯ ಕನ್ನಡ ಮಾಧ್ಯಮದ ಮಗುವು ಮನೆಯಲ್ಲಿ ಒಂದು ನುಡಿ, ಪೇಟೆಯಲ್ಲಿ ಒಂದು ನುಡಿ, ಪಾಠದಲ್ಲಿ ಆಂಗ್ಲ ಪಾರಿಭಾಷಿಕಗಳು ಎಂಬಂತೆ ಬೆಳೆಯುತ್ತದೆ. 'ಶಬ್ದ ತಿಳಿಯದು, ಆಂಗ್ಲವೇ ಇರಲಿ' ಎಂದು ನಾವು ಕೈಚೆಲ್ಲಿದರೆ, ಆ ಮಗುವಿನ ಕನ್ನಡ ಬರಿಯ ಮನೆಮಾತಾಗಿ ಉಳಿದೀತು; ಜ್ಞಾನದ ಭಾಷೆಯಾಗದು. ಗಮನಿಸಿರಿ: ತೆಲುಗಿನ ಪಠ್ಯಗಳಲ್ಲಿಯೂ 'ದ್ರವ್ಯರಾಶಿ'ಯೇ ಇದೆ. ಪಕ್ಕದ ಕೊಠಡಿಯ ತೆಲುಗು ಉಪಾಧ್ಯಾಯರೂ ಇದೇ ಶಬ್ದವನ್ನು ಕಲಿಸುತ್ತಾರೆ. ಕನ್ನಡ ಶಬ್ದವನ್ನು ಉಳಿಸಿಕೊಳ್ಳುವುದು ನೆರೆಯವರೊಡನೆ ವಿರಸವಲ್ಲ, ಸಹವಾಸವೇ.

ತುಂಗಭದ್ರೆಯ ದಡದ ನಾಗಲದಿನ್ನೆಯ ಹೆಸರಿನಲ್ಲಿಯೇ 'ದಿನ್ನೆ' ಇದೆ. ದಿನ್ನೆಯೆಂದರೆ ಎತ್ತರವಾಗಿ ನಿಂತ ಮಣ್ಣಿನ ರಾಶಿ. ಎರಡು ನುಡಿಗಳಿಗೂ ಸಲ್ಲುವ ಮಾತು ಅದು. ಊರ ಹೆಸರಿನಲ್ಲಿಯೂ ಕಣದಲ್ಲಿಯೂ ಇರುವುದನ್ನು ಕರಿಹಲಗೆಯ ಮೇಲೆ ಬರೆಯಲು ಉಪಾಧ್ಯಾಯರು ಸಂಕೋಚಪಡಬಾರದೆಂಬುದೇ ನಮ್ಮ ವಿನಂತಿ.