ಅದಿರಿಗೆ ಅಂಟುವ ಬ್ಯಾಕ್ಟೀರಿಯಾ: ಲೆಕ್ಕ ಹಾಕುವುದು ಹೇಗೆ?

ಅದಿರಿನಲ್ಲಿರುವ ಲೋಹವನ್ನು ಬ್ಯಾಕ್ಟೀರಿಯಾಗಳ ನೆರವಿನಿಂದ ಕರಗಿಸಿ ತೆಗೆಯುವ ವಿಧಾನಕ್ಕೆ ಬಯೋಲೀಚಿಂಗ್ ಅಥವಾ ಜೈವಿಕ ನಿಕ್ಷಾಲನ ಎಂದು ಹೆಸರು. ತಾಮ್ರ, ನಿಕಲ್‌ಗಳ ಉತ್ಪಾದನೆಯಲ್ಲಿ ಇದು ಬಳಕೆಯಲ್ಲಿದೆ. ಚಿನ್ನದ ವಿಷಯದಲ್ಲಿ ಬ್ಯಾಕ್ಟೀರಿಯಾಗಳು ಚಿನ್ನವನ್ನು ಕರಗಿಸುವುದಿಲ್ಲ. ಅದನ್ನು ಸುತ್ತುವರಿದ ಸಲ್ಫೈಡ್ ಖನಿಜದ ಕವಚವನ್ನು ಒಡೆದು ಸಯನೈಡ್ ಸಂಸ್ಕರಣೆಗೆ ದಾರಿ ಮಾಡಿಕೊಡುತ್ತವೆ. ದಕ್ಷಿಣ ಆಫ್ರಿಕಾದ ಫೇರ್‌ವ್ಯೂ ಗಣಿಯಲ್ಲಿ 1986ರಲ್ಲಿ ಈ ಬಗೆಯ ವಾಣಿಜ್ಯ ಘಟಕ ಆರಂಭವಾಯಿತು.

ಈ ಕ್ರಿಯೆಯ ವೇಗವನ್ನು ನಿರ್ಧರಿಸುವ ಅಂಶಗಳಲ್ಲಿ ಪ್ರಮುಖವಾದುದು, ಎಷ್ಟು ಬ್ಯಾಕ್ಟೀರಿಯಾಗಳು ಖನಿಜದ ಮೇಲ್ಮೈಗೆ ಅಂಟಿಕೊಂಡಿವೆ ಎಂಬುದು. ದ್ರಾವಣದಲ್ಲಿ ತೇಲುವ ಕೋಶಗಳನ್ನಷ್ಟೇ ಎಣಿಸಿದರೆ, ಅವು ಸಾಯುತ್ತಿವೆ ಎಂಬ ತಪ್ಪು ತೀರ್ಮಾನಕ್ಕೆ ಬರುವ ಅಪಾಯವಿದೆ. ವಾಸ್ತವವಾಗಿ ಅವು ಅದಿರಿನ ಮೇಲೆ ನೆಲೆ ನಿಂತಿರಬಹುದು.

ಅಂಟುವಿಕೆಯ ಮಹತ್ವ

ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾದ ಜೀವಿ ಆಸಿಡಿಥಯೋಬ್ಯಾಸಿಲಸ್ ಫೆರೊಆಕ್ಸಿಡನ್ಸ್. ಕಲ್ಲಿದ್ದಲು ಗಣಿಗಳ ಆಮ್ಲೀಯ ನೀರಿನಲ್ಲಿ ಇಂತಹ ಬ್ಯಾಕ್ಟೀರಿಯಾ ಇರುವುದನ್ನು ಅಮೆರಿಕದ ಕೋಲ್ಮರ್ ಮತ್ತು ಹಿಂಕಲ್ 1947ರಲ್ಲಿ ವರದಿ ಮಾಡಿದರು. ಮೊದಲು ಥಯೋಬ್ಯಾಸಿಲಸ್ ಕುಲಕ್ಕೆ ಸೇರಿಸಲಾಗಿದ್ದ ಇದಕ್ಕೆ ಈಗಿನ ಹೆಸರು ಬಂದಿದ್ದು 2000ದಲ್ಲಿ.

ಖನಿಜದ ಮೇಲೆ ದಾಳಿ ಮಾಡುವುದು ಮುಖ್ಯವಾಗಿ ಫೆರಿಕ್ ಕಬ್ಬಿಣ. ಆ ಕ್ರಿಯೆಯಲ್ಲಿ ಅದು ಫೆರಸ್ ಆಗಿ ಬದಲಾಗುತ್ತದೆ. ಬ್ಯಾಕ್ಟೀರಿಯಾ ಅದನ್ನು ಮತ್ತೆ ಫೆರಿಕ್ ರೂಪಕ್ಕೆ ತರುತ್ತದೆ. ಅಂಟಿಕೊಂಡ ಕೋಶವು ತನ್ನ ಸುತ್ತ ಲೋಳೆಯಂತಹ ಪದರವನ್ನು ಸ್ರವಿಸುತ್ತದೆ. ಅದರಲ್ಲಿ ಫೆರಿಕ್ ಅಯಾನುಗಳು ಸೇರಿಕೊಳ್ಳುವುದರಿಂದ ಕ್ರಿಯೆ ಖನಿಜದ ಪಕ್ಕದಲ್ಲೇ ನಡೆಯುತ್ತದೆ.

ವ್ಯತ್ಯಾಸದ ಲೆಕ್ಕ

ಸರಳ ವಿಧಾನವೆಂದರೆ ಉಳಿದದ್ದನ್ನು ಎಣಿಸಿ ಅಂಟಿದ್ದನ್ನು ಕಂಡುಹಿಡಿಯುವುದು. ತೊಳೆದು ಶುದ್ಧಗೊಳಿಸಿದ ಕೋಶಗಳನ್ನು ಆಮ್ಲೀಯ ದ್ರಾವಣದಲ್ಲಿ ಪೈರೈಟ್ ಪುಡಿಯೊಂದಿಗೆ ಕಲಕಲಾಗುತ್ತದೆ. ನಿಗದಿತ ಅವಧಿಗೊಮ್ಮೆ ದ್ರಾವಣದ ಮಾದರಿ ತೆಗೆದು, ಗೆರೆ ಕೊರೆದ ಎಣಿಕೆ ಗಾಜಿನ ಮೇಲೆ ಸೂಕ್ಷ್ಮದರ್ಶಕದಲ್ಲಿ ಕೋಶಗಳನ್ನು ಎಣಿಸಲಾಗುತ್ತದೆ. ಜೊತೆಗೆ ಖನಿಜವಿಲ್ಲದ ಇನ್ನೊಂದು ಪಾತ್ರೆಯನ್ನೂ ಇಡಬೇಕು. ಪಾತ್ರೆಯ ಗೋಡೆಗೆ ಅಂಟಿದ ಅಥವಾ ನಾಶವಾದ ಕೋಶಗಳ ಪ್ರಮಾಣ ಇದರಿಂದ ತಿಳಿಯುತ್ತದೆ.

ಉದಾಹರಣೆಗೆ, 100 ಮಿಲಿಲೀಟರ್ ದ್ರಾವಣಕ್ಕೆ 5 ಗ್ರಾಂ ಖನಿಜ ಹಾಕಲಾಗಿದೆ ಎಂದಿಟ್ಟುಕೊಳ್ಳೋಣ. ಒಂದು ಗಂಟೆಯ ನಂತರ ಖನಿಜವಿಲ್ಲದ ಪಾತ್ರೆಯಲ್ಲಿ ಮಿಲಿಲೀಟರಿಗೆ 9.5 ಕೋಟಿ, ಖನಿಜವಿರುವ ಪಾತ್ರೆಯಲ್ಲಿ 3 ಕೋಟಿ ಕೋಶಗಳು ಕಂಡುಬಂದರೆ, ಅಂಟಿಕೊಂಡ ಒಟ್ಟು ಕೋಶಗಳು 650 ಕೋಟಿ. ಪುಡಿಯ ಮೇಲ್ಮೈ ಗ್ರಾಂಗೆ 0.1 ಚದರ ಮೀಟರ್ ಇದ್ದಲ್ಲಿ, ಪ್ರತಿ ಚದರ ಸೆಂಟಿಮೀಟರಿಗೆ 13 ಲಕ್ಷ ಕೋಶಗಳಾಗುತ್ತವೆ. ಸಂಖ್ಯೆ ದೊಡ್ಡದೆನಿಸಿದರೂ ಅವು ಆವರಿಸುವುದು ಮೇಲ್ಮೈಯ ಶೇ. 1ಕ್ಕಿಂತ ಕಡಿಮೆ ಭಾಗವನ್ನು.

ಇಲ್ಲಿಯೂ ಎಚ್ಚರ ಅಗತ್ಯ. ಮೇಲ್ಮೈಯನ್ನು ಸಾಮಾನ್ಯವಾಗಿ ಅನಿಲ ಹೀರಿಕೆಯ ಮೂಲಕ ಅಳೆಯುತ್ತಾರೆ. ಅನಿಲದ ಅಣು ನುಗ್ಗುವ ಸಣ್ಣ ರಂಧ್ರಗಳಿಗೆ ಬ್ಯಾಕ್ಟೀರಿಯಾ ನುಗ್ಗಲಾರದು. ಹೀಗಾಗಿ ಕೋಶಗಳಿಗೆ ನಿಜವಾಗಿ ದೊರೆಯುವ ಜಾಗ ಲೆಕ್ಕಕ್ಕಿಂತ ಕಡಿಮೆ ಇರಬಹುದು.

ನೇರ ವೀಕ್ಷಣೆ

ವ್ಯತ್ಯಾಸದ ಲೆಕ್ಕವು ಕೋಶಗಳು ಎಲ್ಲಿ ಅಂಟಿವೆ ಎಂಬುದನ್ನು ತಿಳಿಸುವುದಿಲ್ಲ. ಖನಿಜದ ಮೂಲಕ ಬೆಳಕು ಹಾಯದ ಕಾರಣ, ಕೋಶಗಳಿಗೆ ಹೊಳೆಯುವ ಬಣ್ಣ ಕಟ್ಟಿ ಮೇಲಿನಿಂದ ಬೆಳಕು ಹಾಯಿಸಿ ನೋಡಲಾಗುತ್ತದೆ. ಬಿರುಕು, ಗೀರುಗಳಂತಹ ದೋಷವಿರುವ ಜಾಗಗಳಲ್ಲಿ ಅವು ಹೆಚ್ಚಾಗಿ ನೆಲೆಸುವುದು ಇಂತಹ ಅಧ್ಯಯನಗಳಲ್ಲಿ ಕಂಡುಬಂದಿದೆ. ಅಂಟುವ ಬಲವನ್ನು ಅಳೆಯಲು ಪರಮಾಣು ಬಲ ಸೂಕ್ಷ್ಮದರ್ಶಕವನ್ನು ಬಳಸುತ್ತಾರೆ.

ಬೆಂಗಳೂರಿನ ಅಧ್ಯಯನ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಎ. ನಟರಾಜನ್ ಮತ್ತು ಸಹೋದ್ಯೋಗಿಗಳು 1993ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಿಟ್ಟಿನಲ್ಲಿ ಗಮನಾರ್ಹ. ಗಂಧಕ, ಪೈರೈಟ್ ಅಥವಾ ಚಾಲ್ಕೊಪೈರೈಟ್ ಮೇಲೆ ಬೆಳೆಸಿದ ಕೋಶಗಳು, ಫೆರಸ್ ದ್ರಾವಣದಲ್ಲಿ ಬೆಳೆಸಿದವುಗಳಿಗಿಂತ ಹೆಚ್ಚು ಜಲವಿಕರ್ಷಕವಾಗಿದ್ದವು. ಅವುಗಳ ಮೇಲ್ಮೈ ವಿದ್ಯುದಾವೇಶವೂ ಭಿನ್ನವಾಗಿತ್ತು. ಘನ ಖನಿಜದ ಮೇಲೆ ಬೆಳೆಯುವಾಗ ಉತ್ಪತ್ತಿಯಾಗುವ ಪ್ರೋಟೀನ್‌ಯುಕ್ತ ಅಂಶವೊಂದು ಅಂಟುವಿಕೆಗೆ ಅಗತ್ಯ ಎಂದು ತಂಡ ಸೂಚಿಸಿತು. ಅಂದರೆ, ಕೋಶಗಳನ್ನು ಯಾವುದರ ಮೇಲೆ ಬೆಳೆಸಲಾಗಿತ್ತು ಎಂಬುದನ್ನು ತಿಳಿಸದೆ ನೀಡಿದ ಅಂಕಿಅಂಶಗಳನ್ನು ಪರಸ್ಪರ ಹೋಲಿಸುವುದು ಸರಿಯಾಗದು.

ಎರಡು ಅಲಗಿನ ಕತ್ತಿ

ಇದೇ ಕ್ರಿಯೆ ನಿಯಂತ್ರಣವಿಲ್ಲದೆ ನಡೆದಾಗ, ಕೈಬಿಟ್ಟ ಗಣಿಗಳ ತ್ಯಾಜ್ಯ ರಾಶಿಯಿಂದ ಆಮ್ಲ ಮತ್ತು ವಿಷಕಾರಿ ಲೋಹಗಳು ಹರಿದು ಹಳ್ಳಕೊಳ್ಳ ಸೇರುತ್ತವೆ. ಘಟಕದಲ್ಲಿ ಅಂಟುವಿಕೆಯನ್ನು ಹೆಚ್ಚಿಸುವುದು ಲಾಭದಾಯಕವಾದರೆ, ತ್ಯಾಜ್ಯ ರಾಶಿಯಲ್ಲಿ ಅದನ್ನು ತಡೆಯುವುದು ಅನಿವಾರ್ಯ. ಎರಡಕ್ಕೂ ನಂಬಲರ್ಹ ಅಳತೆಯೇ ಮೊದಲ ಹೆಜ್ಜೆ.